ಬಡಿಸುವ ಬೋಗುಣಿ ಯಾರ ಕೈಯಲ್ಲಿ

ಅತ್ತೀ,

ನೀವಿದ್ದಾಗ ನಿಮ್ಮೆದುರು ನಾನು ಹೆಚ್ಚು ಮಾತಾಡಿದವಳಲ್ಲ. ಈಗ ಆಡುತ್ತೇನೆ, ಕೇಳಲೇಬೇಕು ನೀವು.

ರಾಯಬಾಗದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನೀವು ನನ್ನನ್ನು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದು ನೆನಪಿದೆಯೇ? ನನಗೆ ಸೀರೆ ಕೊಡಿಸಲೆಂದು ಹೊರಟವರು ಪಾತ್ರೆ ಅಂಗಡಿಯ ಮುಂದೆ ನಿಂತುಬಿಟ್ಟಿರಿ. ಅಂಚಿಗೆ ನೀಲಿ ಹೂಬಳ್ಳಿ ಬರೆದ ಪಿಂಗಾಣಿ ಬೋಗುಣಿ ಅದು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಮೇಲೆ ಸೆರಗು ಹೊದಿಸಿ ತಂದಿರಿ. ನಿಮ್ಮ ಹಿರಿಯ ಮಗ, ನನ್ನ ಭಾವ, ಕಟ್ಟೆಯ ಮೇಲೆ ಕೂತಿದ್ದರು.

"ಅವ್ವಾ, ಅಪ್ಪ ಹೋದ ಮ್ಯಾಲ ನಿನಗ್ಯಾತಕ ಬೇಕ ಈ ಹೂವಿನ ಬೋಗುಣಿ? ಮಂದಿ ಏನಂದಾರು?"

ನೀವು ಚಪ್ಪಲಿ ಬಿಡುತ್ತಲೇ ಹೇಳಿದಿರಿ, "ಬಣ್ಣದ ಸೀರಿ ಬ್ಯಾಡ ಅಂದ್ರಿ, ಬಿಟ್ಟೆ. ಹೂವ ಬ್ಯಾಡ ಅಂದ್ರಿ, ಬಿಟ್ಟೆ. ಬ್ಯಾಳಿ ಎದರಾಗ ಹಾಕಿ ಬಡಸಬೇಕ ಅನ್ನೂದನ್ನೂ ನೀವ ಹೇಳ್ತೀರೇನಪಾ?"

ಅಂದು ನನಗೆ ನೀವು ಅರ್ಥವಾದಿರಿ. ಪೂರ್ತಿ ಅಲ್ಲ, ಸ್ವಲ್ಪ.

ಆಮೇಲೆ ಒಂದೊಂದಾಗಿ ಬಂದವು. ಕಬ್ಬೂರಿನ ನಿಮ್ಮ ತವರಿನ ಅಟ್ಟದಿಂದ ಹಂಸದ ಹಿಡಿಕೆಯ ಹಿತ್ತಾಳೆ ಬೋಗುಣಿ. ಮಿರಜದ ಹಳೆ ಸಾಮಾನಿನ ಅಂಗಡಿಯಿಂದ ಕಂಠ ತುಸು ಒಡೆದ ಗುಲಾಬಿ ಬಣ್ಣದ್ದು. ಚಿಕ್ಕೋಡಿ ಸಂತೆಯಿಂದ ಹೊಚ್ಚ ಹೊಸ ಗಾಜಿನವು. ಹಳೆಯದು ಮೇಲು, ಹೊಸದು ಕೀಳು ಎಂಬ ಭೇದ ನಿಮಗಿರಲಿಲ್ಲ. ಭಾವ ಕೊನೆಗೆ ಸೋತು ಗಾಜಿನ ಕಪಾಟು ಮಾಡಿಸಿಕೊಟ್ಟರು, ಬಂದವರು ನೋಡಲಿ ಎಂದು. ಮರುದಿನವೇ ನೀವು ಹಂಸದ ಬೋಗುಣಿಯನ್ನು ಹೊರಗೆಳೆದು ಅದರಲ್ಲಿ ಮಡಕಿಕಾಳಿನ ಪಲ್ಯ ತುಂಬಿದಿರಿ. ಭಾವ ಕಣ್ಣು ಬಿಟ್ಟರು. "ನೋಡಾಕ ಅಲ್ಲೋ, ಉಣ್ಣಾಕ ತಂದೇನಿ," ಎಂದಿರಿ. ಹೊತ್ತು ಮುಳುಗುವ ಮುಂಚೆ ಊಟ ಮುಗಿಯುವ ಮನೆ ನಮ್ಮದು. ಪಡುವಣದ ಕಿಟಕಿಯಿಂದ ಬರುವ ಇಳಿಬಿಸಿಲು ಆ ಬೋಗುಣಿಗಳ ಮೇಲೆ ಬೀಳುತ್ತಿದ್ದ ಹೊತ್ತಿಗೆ ಸರಿಯಾಗಿ ನಾವು ಉಣ್ಣಲು ಕೂರುತ್ತಿದ್ದೆವು. ಬೇಕೆಂದೇ ಹಾಗೆ ಜೋಡಿಸುತ್ತಿದ್ದಿರಾ? ಕೇಳಬೇಕೆಂದುಕೊಂಡೆ, ಆಗಲೇ ಇಲ್ಲ...

ನನ್ನ ಮಗಳು ಸ್ನೇಹಾಳನ್ನು ತೊಟ್ಟಿಲಿಗೆ ಹಾಕಿದ ದಿನ ಮಾತ್ರ ನಾನು ಮರೆಯಲಾರೆ. ಗೋಧಿ ಹುಗ್ಗಿ ಮಾಡಿದವರು ನೀವು. ಅದನ್ನು ತುಂಬಿದ್ದು ನಿಮ್ಮ ಬೋಗುಣಿಗಳಲ್ಲಿ. ಹೊತ್ತುಕೊಂಡು ಹೋಗಿ ಬಡಿಸಿದವರು ಬೇರೆ ಹೆಂಗಸರು. ವಿಧವೆ ಶುಭಕಾರ್ಯದಲ್ಲಿ ಪಂಕ್ತಿಗೆ ಬಡಿಸಬಾರದಂತೆ. ನೀವು ಹಿತ್ತಲಲ್ಲಿ ನೀರಿನ ಟಾಕಿಯ ಪಕ್ಕ ಕೂತಿದ್ದಿರಿ. ಕೂಸನ್ನು ಎತ್ತಿಕೊಂಡು ನಾನು ಅಲ್ಲಿಗೇ ಬಂದೆ.

"ನೋಡವಾ," ಎಂದಿರಿ ನಗುತ್ತ, "ಬೋಗುಣಿಗೆ ಒಳಗ ಹೋಗಾಕ ಅಡ್ಡಿಲ್ಲ, ನನಗಷ್ಟ ಅಡ್ಡಿ."

ಬಾಯಿ ನಗುತ್ತಿತ್ತು. ಕಣ್ಣು ನಗಲಿಲ್ಲ ಅತ್ತೀ, ನಾನು ನೋಡಿದೆ.

ನೀವು ಹೋದ ತಿಂಗಳಲ್ಲೇ ಭಾವ ಹಿತ್ತಾಳೆಯದನ್ನೆಲ್ಲ ಗುಜರಿಗೆ ಹಾಕಲು ಗೋಣಿಚೀಲ ತಂದರು. ನಾನು ಆ ಚೀಲವನ್ನು ಮಡಚಿ ಅವರ ಕೈಗೇ ಕೊಟ್ಟೆ. "ಇವು ಅಡಗಿಮನೀ ಸಾಮಾನರಿ ಭಾವಾರ. ಅಡಗಿ ಇನ್ನೂ ನಡದೈತಿ," ಎಂದೆ. ಕಲಾಯಿ ಹಾಕುವವನನ್ನು ಹುಡುಕಿಸಿ, ಒಳಗೆಲ್ಲ ಬೆಳ್ಳಿಯಂತೆ ಹೊಳೆಯುವ ಹಾಗೆ ಮಾಡಿಸಿದೆ. ನಿಮ್ಮ ಕಿರಿಯ ಮಗ, ನನ್ನವರು, ಪಕ್ಕದಲ್ಲೇ ನಿಂತು, "ಅವ್ವನ ಹಟ ನಿನಗೂ ಅಂಟೇತಿ ಸುನಂದಾ," ಎಂದು ನಕ್ಕರು.

ನಿಮ್ಮ ಮಗ... ಇದನ್ನು ನಿಮಗೆ ಹೇಗೆ ಹೇಳಲಿ? ಹೋದ ಬೇಸಿಗೆಯಲ್ಲಿ, ಹೊಲದಿಂದ ಬಂದವರು ನೀರು ಕೇಳಿದರು. ನಾನು ನೀರು ತರುವಷ್ಟರಲ್ಲಿ... ಅಷ್ಟೇ ಅತ್ತೀ. ಅದಕ್ಕಿಂತ ಹೆಚ್ಚು ಬರೆಯಲಾರೆ. ನಿಮ್ಮ ಹತ್ತಿರ ಬಂದಿದ್ದಾರೆಂದು ನಂಬಿದ್ದೇನೆ.

ಕಳೆದ ವಾರ ಸ್ನೇಹಾಳ ನಿಶ್ಚಯ ಆಯಿತು. ಹುಡುಗ ಕಾಗವಾಡದವನು, ಅವಳೇ ಒಪ್ಪಿದವನು. ಮುಂಜಾನೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಬೀಗರು ಉಣ್ಣಾಕ ಕುಂತಾಗ ನೀ ಹೊರಗ ಬರಬ್ಯಾಡವಾ. ಹುಡುಗಿ ಬಾಳೇದ ಪ್ರಶ್ನೆ. ಬಡಸಾಕ ಬ್ಯಾರೇ ಮಂದಿ ಅದಾರ." ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಹೆದರಿಕೆಯಿತ್ತು. ಅದು ಗೊತ್ತಿದ್ದೂ ನನಗೆ ಮೈ ಉರಿಯಿತು. ಹೆತ್ತವಳ ನೆರಳು ಮಗಳ ಬಾಳಿಗೆ ತಗಲುತ್ತದೆಯೇ?

ಪಂಕ್ತಿ ಕೂತಿತು. ಹುಗ್ಗಿ ತುಂಬಿದ ಹಂಸದ ಬೋಗುಣಿಗೆ ಯಾರೋ ಕೈ ಚಾಚಿದರು. ನಾನು ಬಿಡಲಿಲ್ಲ. ಎತ್ತಿ ಸೊಂಟಕ್ಕಿಟ್ಟುಕೊಂಡು ನಡುಮನೆಗೆ ನಡೆದೆ.

"ಸುನಂದಾ, ಒಳಗ ನಡಿ," ಎಂದರು ಭಾವ.

"ಹೋಗಂಗಿಲ್ಲರಿ. ಹುಗ್ಗಿ ಮಾಡಾಕ ನಾ ಬೇಕ, ಬಡಸಾಕ ಬ್ಯಾಡ? ನನ್ನ ಕೈಯಾಗಿಂದು ಒಲ್ಲೆ ಅನ್ನಾವರು ಈಗ ಹೇಳ್ರಿ. ಸಂಬಂಧ ಇಲ್ಲಿಗೇ ಬಿಡೂಣು."

ಸ್ನೇಹಾ ಎದ್ದು ಬಂದು ನನ್ನ ಪಕ್ಕ ನಿಂತಳು. ಆಗ ಹೊರಗಿನ ಕಟ್ಟೆಯಿಂದ "ತಡೀರಿ" ಎಂಬ ದನಿ ಬಂತು. ಹುಡುಗನ ಅಜ್ಜಿ, ಅವರೂ ಗಂಡನನ್ನು ಕಳೆದುಕೊಂಡವರು, ಮಾಸಲು ಸೀರೆಯಲ್ಲಿ ತಾವಾಗಿಯೇ ಹೊರಗೆ ಕೂತುಬಿಟ್ಟಿದ್ದರು. ಗೋಡೆ ಹಿಡಿದು ಒಳಗೆ ಬಂದು ಮೊಮ್ಮಗನ ಪಕ್ಕದ ಮಣೆಯ ಮೇಲೆ ಕೂತರು.

"ವಾಢ ಗ ಬಾಯಿ," ಬಡಿಸವ್ವಾ ಎಂದು ಮರಾಠಿಯಲ್ಲಿ ಹೇಳಿ ಎಲೆ ಮುಂದಕ್ಕೆಳೆದರು. "ಮದಲ ನನಗ ಬಡಸ. ತುಪ್ಪ ಕಡಿಮಿ ಮಾಡಬ್ಯಾಡ."

ಬಡಿಸಿದೆ. ಬೀಗಿತ್ತಿ ತಾನೇ ಎಲೆ ಸರಿಪಡಿಸಿಕೊಂಡು ಕೂತಳು, ಹುಡುಗ ಎರಡನೇ ಸಲ ಹಾಕಿಸಿಕೊಂಡ. ಭಾವ ಉಣ್ಣದೆ ಎದ್ದು ಹೋದರು. ಇವತ್ತಿನವರೆಗೂ ನನ್ನೊಂದಿಗೆ ಮಾತಿಲ್ಲ. ಅದರ ನೋವು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹಿತ್ತಲ ಕಡೆ ನಾನು ಹೋಗುವುದಿಲ್ಲ.

ತುಳಸಿ ಲಗ್ನ ಮುಗಿದ ಮೇಲೆ ಮದುವೆ. ಅರಿಷಿಣ ಕಲಸಲು ಮೊನ್ನೆ ಅಥಣಿಯಲ್ಲಿ ಅಚ್ಚ ಬಿಳಿಯ ಬೋಗುಣಿಯೊಂದನ್ನು ಕೊಂಡೆ. ಮಗಳ ಕೆನ್ನೆಗೆ ಮೊದಲು ಅರಿಷಿಣ ಹಚ್ಚುವ ಕೈ ನನ್ನದೇ, ಯಾರು ಬರಲಿ ಬಿಡಲಿ. ಅಂಗಡಿಯವನು ಎಚ್ಚರಿಸಿದ, "ಅಕ್ಕಾರ, ಬಿಳೇದಕ್ಕ ಅರಿಷಿಣ ಹತ್ತಿದ್ರ ಮತ್ತ ಹೋಗಂಗಿಲ್ಲ ನೋಡ್ರಿ."

ಹೋಗದಿದ್ದರೆ ಬೇಡ ಎಂದು ಹೇಳಿ ತಂದಿದ್ದೇನೆ.

ನಿಮ್ಮ
ಸುನಂದಾ