ಕೊನೆಯ ಹತ್ತು ನಿಮಿಷ

ಥಾರ್ನ್‌ಬೆಕ್,
ಜನವರಿ ೨೧, ಮಂಗಳವಾರ

ಒಂದು ಕಾಲಕ್ಕೆ ಪ್ರಿಯನಾಗಿದ್ದ ಕ್ಲಿಫ್‌ಗೆ,

ನಿನ್ನ ವರದಿ ಹೋದ ವಾರವೇ ತಲುಪಿತು. ಒಂದೇ ಸಾಲು: "ಆಕ್ರಾಯ್ಡ್‌ನನ್ನು ಕೊಳ್ಳು, ಬ್ರೇ ಬೇಡ." ಕಾರಣವಿಲ್ಲ, ವಿವರಣೆಯಿಲ್ಲ. ಗಂಡನಾದ ನಿನ್ನನ್ನು ಮನೆಯಿಂದ ಕಳಿಸಿದ ಮೇಲೂ ಆಟಗಾರರನ್ನು ಹುಡುಕಿ ತರುವವನಾಗಿ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಉಳಿಸಿಕೊಂಡೆ. ನಿನ್ನ ಮಾತಿನ ಮೇಲಿಲ್ಲದ ನಂಬಿಕೆ ನಿನ್ನ ಕಣ್ಣಿನ ಮೇಲಿತ್ತು. ಆಗ ಅದೂ ಅಲುಗಾಡಿತು.

ನಮ್ಮ ಸ್ಥಿತಿ ನಿನಗೆ ಗೊತ್ತು. ಗೋಲು ಹೊಡೆಯುವವನೊಬ್ಬ ಈ ತಿಂಗಳೊಳಗೆ ಬರದಿದ್ದರೆ ಕೆಳಗಿನ ಲೀಗಿಗೆ ಬೀಳುತ್ತೇವೆ. ಬಿದ್ದರೆ ಅಪ್ಪ ಕಟ್ಟಿದ ಕ್ಲಬ್ಬಿಗೆ ಬೀಗ. ಲೆನಾಕ್ಸ್ ಬ್ರೇಯನ್ನು ಅವನ ಕ್ಲಬ್ಬು ಬಿಟ್ಟಿಯಾಗಿ ಬಿಡುತ್ತದೆ, ಸಂಬಳ ಕೊಟ್ಟರಾಯಿತು. ಟೋಬಿ ಆಕ್ರಾಯ್ಡ್‌ಗೆ ಒಂದೂವರೆ ಲಕ್ಷ ಪೌಂಡು, ಎಂದರೆ ನಮ್ಮಲ್ಲಿ ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಸೋರುವ ಸೂರಿಗೆಂದು ಊರವರು ಕೂಡಿಸಿದ ದುಡ್ಡು ಪೂರಾ. ಸೂರು ಮಾರಿ ಶೂರನನ್ನು ತಾ ಎನ್ನುತ್ತೀಯೆ. ಆ ಶೂರನ ಏಜೆಂಟು ಡೆಸ್ಮಂಡ್ ನಿನ್ನ ಅಕ್ಕನ ಮಗ. ಅದಕ್ಕೇ ಮೊನ್ನೆ ಶನಿವಾರ ಬ್ರೇ, ಆಕ್ರಾಯ್ಡ್ ಇಬ್ಬರ ತಂಡಗಳೂ ಎದುರುಬದುರಾದಾಗ, ನನ್ನ ನಂಬಿಕೆಯವರೊಬ್ಬರನ್ನು ನಿನ್ನ ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ.

ಬ್ರೇ ಬೆಂಕಿಯಂತೆ ಆಡಿದನಂತೆ, ಎರಡು ಗೋಲು. ಕೊನೆಯ ಹತ್ತು ನಿಮಿಷ ಉಳಿದಾಗ, ಕಾರುಗಳ ಗದ್ದಲಕ್ಕೆ ಮುಂಚೆ ಹೊರಡಬೇಕೆಂದು, ಬೇರೆ ಕ್ಲಬ್ಬುಗಳಿಗೆ ಆಟಗಾರರನ್ನು ಹುಡುಕುವ ನಿನ್ನ ಜಾತಿಯವರೆಲ್ಲ ವಾಡಿಕೆಯಂತೆ ಎದ್ದರು. ಸಂಸಾರ ಮಾಡಿದಷ್ಟು ಕಾಲ ನನ್ನನ್ನು ಮುಂಚೆಯೇ ಎಬ್ಬಿಸಿಕೊಂಡು ಹೊರಟು ಒಂದೇ ಒಂದು ಕೊನೆಯ ಗೋಲು ನೋಡಲು ಬಿಡದ ನೀನು ಮಾತ್ರ ಹೋಗಲಿಲ್ಲ. ಕಂಬದ ಮರೆಗೆ ಸರಿದು ಕುಳಿತೆ. ಕಳ್ಳ ಲಕ್ಷಣ ಒಂದು. ಡೆಸ್ಮಂಡ್ ಬಂದು ಪೊಟ್ಟಣ ಕೊಟ್ಟ. ಲಕ್ಷಣ ಎರಡು. ನನ್ನ ನಂಬಿಕೆಯವರು ಕಿವಿ ಮುಂದೆ ಚಾಚಿದರು.

"ತಗೊಳ್ಳಿ ಮಾವ. ಅತ್ತೆಗೆ ಹೇಳ್ಬೇಡಿ."

"ಹೇಳೋಕೆ ಅವಳು ನನ್ ಹತ್ರ ಮಾತಾಡ್ಬೇಕಲ್ಲೋ. ಕೊಡಿಲ್ಲಿ."

ಪೊಟ್ಟಣದೊಳಗೆ ವೈದ್ಯರು ನಿನಗೆ ಬೇಡವೆಂದ ತಿಂಡಿ, ಮಾಂಸ ತುಂಬಿದ ಪೈ.

"ನಮ್ ಹುಡುಗನ ಬಗ್ಗೆ ಒಂದು ಒಳ್ಳೇ ಮಾತು ಬರೀರಿ ಮಾವ."

"ನೀನು ಪೈ ತಿನ್ಸಿದೆ ಅಂತ ಬರೀತೀನಾ? ಬಾಯ್ಮುಚ್ಕೊಂಡು ಬ್ರೇನ ನೋಡು. ಇಲ್ಲಿ ಸೀಟು ಖಾಲಿ ಆಯ್ತಲ್ಲ, ಈಗ ಅವನ ಕಾಲೂ ಖಾಲಿ."

ಹಾಗೇ ಆಯಿತಂತೆ. ಬ್ರೇ ಒಮ್ಮೆ ತಲೆಯೆತ್ತಿ ಸ್ಟ್ಯಾಂಡಿನ ಖಾಲಿ ಸೀಟುಗಳತ್ತ ನೋಡಿದ. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಸಂತೆಗೆ ಬಂದವನಂತೆ ಅಡ್ಡಾಡಿದ. ಮೂರು ಗೋಲಿನಿಂದ ಸೋಲುತ್ತಿದ್ದ ಆಕ್ರಾಯ್ಡ್ ಹೊರಗೆ ಹೋದ ಚೆಂಡನ್ನು ತಾನೇ ತಂದು ಓಡುತ್ತಿದ್ದ, ನೋಡುವವರು ಯಾರೂ ಇಲ್ಲದಾಗ. ಈ ವರ್ಷ ನಾವು ಸೋತದ್ದೆಲ್ಲ ಆ ಕೊನೆಯ ಹತ್ತು ನಿಮಿಷದಲ್ಲೇ ಅಲ್ಲವೇ? ಬಿಟ್ಟಿ ಬರುವ ಬ್ರೇಗೆ ನಾವು ತೆರುವ ಬೆಲೆ ಕ್ಲಬ್ಬೇ ಆದೀತು.

ಬೆಳಿಗ್ಗೆ ಆಕ್ರಾಯ್ಡ್‌ನ ಕ್ಲಬ್ಬಿಗೆ ಒಪ್ಪಿಗೆ ತಿಳಿಸಿದೆ. ಸೂರು ಇನ್ನೊಂದು ಚಳಿಗಾಲ ಸೋರಲಿ.

ಆದರೂ ಕೇಳುತ್ತೇನೆ: ಇಷ್ಟು ಒಳ್ಳೆಯ ಕಾರಣವನ್ನು ನುಂಗಿ ಒಂದೇ ಸಾಲು ಬರೆದೆಯಲ್ಲ, ಬರೆದರೆ ನಾನು ನಂಬುವುದಿಲ್ಲವೆಂದೇ? ಹೀಗೆ ಇನ್ನೇನೇನು ನುಂಗಿದ್ದೀಯೋ. ಪೈ ಒಂದು ಗೊತ್ತಾಯಿತು.

ಅನುಮಾನ ಇನ್ನೂ ಬಿಡದ,
ಗ್ಲೆನಿಸ್
(ಕ್ಲಬ್ಬಿಗೆ ಅಧ್ಯಕ್ಷೆ, ನಿನಗೆ ಏನೆಂಬುದು ವಕೀಲರ ಕೈಯಲ್ಲಿದೆ)

ಮರೆತದ್ದು: ನನ್ನ ನಂಬಿಕೆಯವರು ಯಾರೆಂದು ಹುಡುಕಿ ಬಳಲಬೇಡ. ನೀನು ಸೀಟಿನ ಕೆಳಗೆ ಬಿಟ್ಟುಹೋದ ಅರ್ಧ ಲೋಟ ಚಹಾ ನಾನೇ ಕುಡಿದೆ. ನಿನಗೆ ಈಗಲೂ ಎರಡು ಚಮಚ ಸಕ್ಕರೆ ಬೇಕು. ಬರುವ ಶನಿವಾರ ನಮ್ಮ ಆಟಕ್ಕೆ ಬಾ, ಕೊಡೆ ಹಿಡಿದು ಪಕ್ಕದಲ್ಲಿ ಕೂರು. ಚಹಾ ನಾನು ತರುತ್ತೇನೆ, ಸಕ್ಕರೆ ಹಾಕದೆ. ಕೊನೆಯ ಸೀಟಿ ಊದುವವರೆಗೆ ಏಳಕೂಡದು.