ಅಪ್ಪನ ಬಿಲ್ಲಿನ ಹೆದೆ ಇಳಿಸುವಾಗ

ಉಯಂಗಾ,

ಅವ್ವನನ್ನು ಪೇಟೆಯ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೇನೆ, ನಾಳೆ ಬರುತ್ತೇವೆ. ಚರ್ಮದ ಚೀಲದಲ್ಲಿ ಹುಳಿಗಿಟ್ಟ ಕುದುರೆ ಹಾಲನ್ನು ಆಗಾಗ ಕಡೆಯುತ್ತಿರು.

ನಾದಮ್ ಹಬ್ಬದ ಪಂದ್ಯಕ್ಕೆ ಸತ್ತ ಅಪ್ಪನ ಬಿಲ್ಲೇ ಬೇಕೆಂದು ಹಟ ಹಿಡಿದಿದ್ದೀಯ, ಆಗಲಿ. ಆದರೆ ಅಭ್ಯಾಸ ಮುಗಿದ ಮೇಲೆ ಹೆದೆ ಇಳಿಸದೆ ನೇತುಹಾಕಬೇಡ. ನಿನ್ನೆಯೂ ಹಾಗೇ ಬಿಟ್ಟಿದ್ದೆ, ಸೋಮಾರಿ. ಕೊಂಬಿನ ಬಿಲ್ಲು ಸೊಟ್ಟಗಾಗುತ್ತದೆ.

ಕೂತುಕೋ. ಮಂಡಿಗಳು ಬಿಲ್ಲಿಗೂ ಹೆದೆಗೂ ನಡುವೆ ಇರಲಿ. ಎರಡು ತುದಿಗಳನ್ನೂ ಸಮನಾಗಿ ಕೆಳಕ್ಕೆ ಒತ್ತಿ ಹಿಡಿ. ಹೆದೆ ಸಡಿಲವಾದಾಗ ಇನ್ನೊಬ್ಬರು ಅದರ ಕುಣಿಕೆಯನ್ನು ಬಿಲ್ಲಿನ ತುದಿಯ ಕಚ್ಚಿನಿಂದ ಕಳಚಬೇಕು. ಮುಖ ದೂರವಿರಲಿ, ತುದಿ ಜಾರಿದರೆ ದವಡೆ ಮುರಿಯುತ್ತದೆ. ಏರಿಸುವಾಗಲೂ ಹೀಗೆಯೇ, ಕುಣಿಕೆ ಕಚ್ಚಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡೇ ಮೆಲ್ಲಗೆ ಕೈ ಸಡಿಲಿಸು.

ಇಬ್ಬರಿಲ್ಲದೆ ಆಗದ ಕೆಲಸ ಇದು. ಇವತ್ತು ಬೆಳಿಗ್ಗೆ ನಿನ್ನ ಮೇಲಿನ ಸಿಟ್ಟಿಗೆ ನಾನೊಬ್ಬಳೇ ಕೂತು ಒತ್ತಿದೆ. ಕುಣಿಕೆಯನ್ನು ಯಾರೋ ಮೆತ್ತಗೆ ಕಳಚಿದರು. ನೀನೆಂದುಕೊಂಡು, "ಈಗ ಬಂದ್ಯೇನೇ?" ಅಂದೆ. ತಲೆಯೆತ್ತಿದರೆ ನೀನು ಬಾಗಿಲಾಚೆ, ದೂರದ ದಿಬ್ಬದ ಮೇಲೆ ಕುದುರೆಗಳನ್ನು ಅಟ್ಟಿಕೊಂಡು ಹೋಗುತ್ತಿದ್ದೆ. ಗುಡಾರದಲ್ಲಿ ಯಾರೂ ಇರಲಿಲ್ಲ. ಹೆದೆ ಮಾತ್ರ ನನ್ನ ಪಕ್ಕದಲ್ಲಿ ಸುರುಳಿಯಾಗಿತ್ತು, ಅಪ್ಪ ಸುತ್ತುತ್ತಿದ್ದ ಹಾಗೆಯೇ, ತುದಿ ಒಳಗೆ ಸಿಕ್ಕಿಸಿ.

ಅವ್ವನಿಗೆ ಹೇಳಿಲ್ಲ.

ಸಂಜೆ ಹೆದೆ ಇಳಿಸಲು ಪಕ್ಕದ ಗುಡಾರದಿಂದ ಬಾಟರ್ ಮಾವನನ್ನು ಕರೆಸಿಕೋ. ಅವನು ಬರುವ ಮೊದಲೇ ಬೇರೆ ಕೈ ಬಂತೆಂದರೆ ಚೀರಬೇಡ, ತುದಿಗಳನ್ನು ಬಿಡಬೇಡ. "ಅಪ್ಪಾ, ಚಹಾ ಕುಡೀತೀಯಾ?" ಅಂತ ಕೇಳು. ನನಗೆ ಬಾಯಿ ಬರಲಿಲ್ಲ. ನೀನಾದರೂ ಮಾತಾಡಿಸು.

ನಿನ್ನ ಅಕ್ಕ,
ದುಲ್ಮಾ