ಹೊಸ ಕ್ಲಚ್ ಇರುವ ಕಾರು

ರೀ,

ನಿಮ್ಮ ಹದಿನಾರು ವರ್ಷದ ಸ್ಪೋರ್ಟ್ಸ್ ಸೆಡಾನ್ ಇವತ್ತೂ ಸ್ಟಾರ್ಟ್ ಆಗಲಿಲ್ಲ. ನಾನು ಬಸ್ಸಿಗೆ ಹೋಗುತ್ತಿದ್ದೇನೆ. ಅದರ ಕೆಳಗಿಟ್ಟಿರುವ ಟ್ರೇಯಲ್ಲಿ ಆಯಿಲ್ ತುಂಬಿದೆ, ತೆಗೆದುಬಿಡಿ. ಒಂದು ಕಾಲದಲ್ಲಿ ಅದು ನನ್ನ ಕೇಕ್ ಟ್ರೇ. ಅಡುಗೆಮನೆಗೆ ಮಾತ್ರ ವಾಪಸ್ ತರಬೇಡಿ.

ಕಾರು ಕೊಳ್ಳಲು ಹಲ್ಲಿನ ಡಾಕ್ಟರು ನಾಲ್ಕು ಗಂಟೆಗೆ ಬರುತ್ತಾರೆ. ಕೈಮುಗಿಯುತ್ತೇನೆ, ಬಾಯಿಗೆ ಬೀಗ ಹಾಕಿಕೊಳ್ಳಿ. ಹೋದ ಸಲ ಬಂದವರಿಗೆ ನೀವೇ ಬಾನೆಟ್ ಎತ್ತಿ ಒಂದೊಂದೇ ಕಾಯಿಲೆ ತೋರಿಸಿ, "ಇದನ್ನ ಸಾಕೋದು ನಿಮ್ಮ ಕೈಲಾಗಲ್ಲ ಬಿಡಿ" ಅಂತ ಸಾಗಹಾಕಿದಿರಿ.

ರೇಡಿಯೇಟರ್ ಸೋರುತ್ತಿರುವುದೊಂದನ್ನು ಹೇಳಿ, ಸಾಕು. ರಿಪೇರಿ ಮಾತ್ರ ಮಾಡಿಸಬೇಡಿ. ಮಾರುವ ಮುಂಚೆ ಸರಿ ಮಾಡಿಸೋಣ ಅಂತ ಕ್ಲಚ್ ಹಾಕಿಸಿದಿರಿ. ಹಾಕಿಸಿದ ಮೇಲೆ, "ಹೊಸ ಕ್ಲಚ್ ಇರೋ ಕಾರನ್ನ ಯಾರಾದ್ರೂ ಮಾರ್ತಾರಾ?" ಅಂದಿರಿ. ಆಮೇಲೆ ಟೈರಿಗೂ ಅದೇ ಮಾತು, ಬ್ರೇಕಿಗೂ ಅದೇ ಮಾತು. ಈ ಮನೆ ಬಣ್ಣ ಕಂಡು ಆರು ವರ್ಷವಾಯಿತು. ಇಬ್ಬರೂ ಗಾಣದ ಎತ್ತಿನ ಹಾಗೆ ಅದನ್ನೇ ಸುತ್ತುತ್ತಿದ್ದೇವೆ. ನನಗೆ ಸಾಕಾಗಿದೆ.

ಕೀ ಮೇಜಿನ ಮೇಲಿದೆ. ಅವರ ಕೈಗೆ ಕೊಟ್ಟು ಒಳಗೆ ಬಂದುಬಿಡಿ.

ರೀ, ಹೊರಗೆ ಹೋದವಳು ವಾಪಸ್ ಬಂದು ಬರೆಯುತ್ತಿದ್ದೇನೆ. ಕೊನೆಯ ಸಲ ನೋಡೋಣ ಅಂತ ಮೇಜಿನ ಮೇಲಿನ ಕೀ ಒಯ್ದು ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆ ಸದ್ದು ನಿಮಗೆ ಗೊತ್ತೇ ಇದೆ. ಈಗ ಗೇಟಿನ ಹತ್ತಿರ ಗುರುಗುಡುತ್ತಾ ನಿಂತಿದೆ. ಅದರಲ್ಲೇ ಹೋಗುತ್ತೇನೆ.

ಡಾಕ್ಟರಿಗೆ ಮುಂದಿನ ವಾರ ಬನ್ನಿ ಅನ್ನಿ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಹೊಸ ರೇಡಿಯೇಟರಿಗೆ ಎಷ್ಟಾಗುತ್ತೆ ಅಂತ ಕೇಳಿಡಿ.

ನಗಬೇಡಿ.